ಬೈಮಂತ್ಲಿಯೋ, ಎವ್ರಿ ಟೂ ಮಂತ್ಸೋ?

ಇಂಗ್ಲಿಷಿನಲ್ಲಿ ವೇಳಾಪಟ್ಟಿ, ಸೂಚನೆ, ಸುತ್ತೋಲೆಗಳನ್ನು ಬರೆಯುವುದು ನನ್ನ ಕೆಲಸ. ವರ್ಷದಲ್ಲಿ ಮರಳಿ ಮರಳಿ ಬರುವ ಅವಧಿಗಳನ್ನು ಹೇಳಲು ಆ ಭಾಷೆಯಲ್ಲಿ ಎರಡು ದಾರಿಗಳಿವೆ. ಬೈಮಂತ್ಲಿ, ಬೈಆನ್ಯುಅಲ್, ಕ್ವಾರ್ಟರ್ಲಿ ಎಂದು ಒಂದೇ ಪದದಲ್ಲಿ ಮುಗಿಸಬಹುದು. ಎವ್ರಿ ಟೂ ಮಂತ್ಸ್, ಟ್ವೈಸ್ ಎ ಇಯರ್ ಎಂದು ಬಿಡಿಸಿಯೂ ಹೇಳಬಹುದು. ಎರಡನ್ನೂ ಸಾಕಷ್ಟು ಕಾಲ ಬಳಸಿ ನೋಡಿದ್ದೇನೆ.

ಬೈಮಂತ್ಲಿಯನ್ನು ಈಗ ಪೂರ್ತಿ ಕೈಬಿಟ್ಟಿದ್ದೇನೆ. ಎರಡು ತಿಂಗಳಿಗೊಮ್ಮೆ, ತಿಂಗಳಿಗೆ ಎರಡು ಸಲ: ಎರಡೂ ಅದರ ಅರ್ಥವೇ. ಮೆರಿಯಮ್-ವೆಬ್‌ಸ್ಟರ್ ನಿಘಂಟು ಎರಡನ್ನೂ ಕೊಡುತ್ತದೆ. ಹೀಗಾಗಿ ಓದುಗರು ಗೊಂದಲಗೊಂಡಾಗ ಅವರನ್ನು ತಿದ್ದುವುದಕ್ಕೂ ಆಧಾರವಿಲ್ಲ. ಯಾರೂ ತಪ್ಪಾಗಿ ಓದಿರುವುದಿಲ್ಲ. ಎವ್ರಿ ಟೂ ಮಂತ್ಸ್ ಎಂದು ಬರೆದ ಮೇಲೆ ಈ ಪ್ರಶ್ನೆ ನನ್ನತ್ತ ಬಂದದ್ದೇ ಇಲ್ಲ. ಬೈವೀಕ್ಲಿಯ ಕಥೆಯೂ ಇದೇ. ಸಂಬಳದ ವಿಷಯ ಬಂದರೆ ಇನ್ನೂ ಎಚ್ಚರ ಬೇಕು: ಎರಡು ವಾರಕ್ಕೊಮ್ಮೆ ಎಂದರೆ ವರ್ಷಕ್ಕೆ ಸಾಮಾನ್ಯವಾಗಿ 26 ಪಾವತಿ, ತಿಂಗಳಿಗೆ ಎರಡು ಬಾರಿ ಎಂದರೆ 24. ಎರಡನೆಯದಕ್ಕೆ ಸೆಮಿಮಂತ್ಲಿ ಎಂಬ ಸ್ಪಷ್ಟ ಪದವಿದೆ. ಮೊದಲನೆಯದಕ್ಕೆ ಫೋರ್ಟ್‌ನೈಟ್ಲಿ ನನಗೆ ತುಂಬಾ ಇಷ್ಟ. ಆದರೆ ಅಮೆರಿಕದ ಓದುಗರಿಗೆ ಅದು ಬಳಕೆಯ ಮಾತಲ್ಲ. ಅವರಿಗೆ ಎವ್ರಿ ಟೂ ವೀಕ್ಸ್ ಎಂದೇ ಬರೆಯುತ್ತೇನೆ.

ಬೈಆನ್ಯುಅಲ್ ಮತ್ತು ಬೈಯೆನಿಯಲ್ ಜೋಡಿಯದು ಬೇರೆ ಸಮಸ್ಯೆ. ಬೈಆನ್ಯುಅಲ್ ಎಂದರೆ ವರ್ಷಕ್ಕೆರಡು ಬಾರಿ, ಬೈಯೆನಿಯಲ್ ಎಂದರೆ ಎರಡು ವರ್ಷಕ್ಕೊಮ್ಮೆ ಎಂದು ವ್ಯತ್ಯಾಸ ಹೇಳಿಕೊಡುತ್ತಾರೆ. 1895ರಲ್ಲಿ ಆರಂಭವಾದ, ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾ ಪ್ರದರ್ಶನ ವೆನಿಸ್ ಬಿಯೆನ್ನಾಲೆಯ ಹೆಸರು ನೆನಪಿದ್ದರೆ ಎರಡನೆಯದು ಮರೆಯುವುದಿಲ್ಲ. ಎರಡು ವರ್ಷದಲ್ಲಿ ಬಾಳು ಮುಗಿಸುವ ಗಿಡಗಳನ್ನು ಹೇಳಲು ಸಸ್ಯಶಾಸ್ತ್ರದ ಬರಹದಲ್ಲಿ ಬೈಯೆನಿಯಲ್ ಇರಲೇಬೇಕು, ಅಲ್ಲಿ ಅದಕ್ಕೆ ಬದಲಿಯಿಲ್ಲ. ಬೇರೆಡೆ, ಕಣ್ಣು ಓಡಿಸುತ್ತಾ ಓದುವವರು ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಬ್ರಿಟಿಷ್ ಬಳಕೆಯ ಹಾಫ್-ಇಯರ್ಲಿಯಾಗಲಿ ಅಮೆರಿಕದ ಸೆಮಿಆನ್ಯುಅಲ್ ಆಗಲಿ ಬೈಆನ್ಯುಅಲ್‌ಗಿಂತ ಮೇಲು.

ಆದರೆ ಬಿಡಿಸಿ ಹೇಳುವ ರೂಪಗಳಲ್ಲೂ ಆಯ್ಕೆ ಇದೆ, ಇದನ್ನು ಕಡೆಗಣಿಸುವವರೇ ಹೆಚ್ಚು. ಟ್ವೈಸ್ ಎ ಇಯರ್ ಎಷ್ಟು ಬಾರಿ ಎಂದು ಮಾತ್ರ ಹೇಳುತ್ತದೆ. ಜನವರಿಯಲ್ಲೊಮ್ಮೆ, ಫೆಬ್ರುವರಿಯಲ್ಲೊಮ್ಮೆ ನಡೆದರೂ ಮಾತು ಸುಳ್ಳಾಗುವುದಿಲ್ಲ. ಎವ್ರಿ ಸಿಕ್ಸ್ ಮಂತ್ಸ್ ನಡುವಿನ ಅಂತರವನ್ನೂ ಹೇಳುತ್ತದೆ. ಯಂತ್ರದ ತಪಾಸಣೆಗೆ, ಔಷಧಿಗೆ ಎರಡನೆಯದನ್ನೇ ಬಳಸುತ್ತೇನೆ. ಕ್ವಾರ್ಟರ್ಲಿ, ಆನ್ಯುಅಲ್ ಇವೆರಡರ ಬಗ್ಗೆ ತಕರಾರಿಲ್ಲ.

ಋತುಗಳ ವಿಷಯದಲ್ಲಿ ಇನ್ ಸಮ್ಮರ್, ಇನ್ ದ ಸಮ್ಮರ್ ಎರಡೂ ಸರಿ. ಬೇಸಿಗೆ ಎಂಬ ಕಾಲದ ಗುಣ ಹೇಳುವಾಗ ಮೊದಲನೆಯದು, ಈ ಸಲದ ಬೇಸಿಗೆ ಮನಸ್ಸಿನಲ್ಲಿದ್ದಾಗ ಎರಡನೆಯದು ನನ್ನ ಕಿವಿಗೆ ಹಿತ. ಶರತ್ಕಾಲಕ್ಕೆ ಬ್ರಿಟಿಷರ ಆಟಮ್‌ಗೆ ದ ಬೇಕೆಂದಿಲ್ಲ, ಅಮೆರಿಕದವರು ಸಾಮಾನ್ಯವಾಗಿ ಇನ್ ದ ಫಾಲ್ ಎನ್ನುತ್ತಾರೆ. ಕನ್ನಡ ಮನಸ್ಸು ಎಡವುವುದು ಬೇರೆಡೆ: ‘ಪ್ರತಿ ಬೇಸಿಗೆಯಲ್ಲಿ’ ಎನ್ನುವ ನಾವು ಆ ‘ಅಲ್ಲಿ’ಯನ್ನು ಇಂಗ್ಲಿಷಿಗೂ ಒಯ್ದು ಇನ್ ಎವ್ರಿ ಸಮ್ಮರ್ ಎಂದು ಬರೆದುಬಿಡುತ್ತೇವೆ. ಎವ್ರಿ, ದಿಸ್, ಲಾಸ್ಟ್, ನೆಕ್ಸ್ಟ್ ಬಂದಲ್ಲಿ ಇನ್ ಬೇಡ.

ಓದುಗರು ಹಲವು ದೇಶದವರಾದರೆ ಋತುವಿನ ಹೆಸರನ್ನೇ ಬಿಟ್ಟು ತಿಂಗಳ ಹೆಸರು ಬರೆಯುತ್ತೇನೆ. ಆಸ್ಟ್ರೇಲಿಯಾದಲ್ಲಿ ಬೇಸಿಗೆ ಲೆಕ್ಕಕ್ಕೆ ಬರುವುದು ಡಿಸೆಂಬರ್ 1ರಿಂದ. ಸಮ್ಮರ್ ಎಂಬ ಗಡುವು ಅಲ್ಲಿಯವರಿಗೆ ಅರ್ಧ ವರ್ಷ ಆಚೀಚೆಯಾಗುತ್ತದೆ. ಫಿಸ್ಕಲ್ ಇಯರ್, ಫೈನಾನ್ಶಿಯಲ್ ಇಯರ್ ಎಂಬ ಪದಗಳಿಗೂ ಇದೇ ತೊಡಕು. ಅಮೆರಿಕ ಸರ್ಕಾರದ 2025ರ ಹಣಕಾಸು ವರ್ಷ ಆರಂಭವಾದದ್ದು 2024ರ ಅಕ್ಟೋಬರ್ 1ರಂದು. ಬ್ರಿಟನ್ನಿನ ವೈಯಕ್ತಿಕ ತೆರಿಗೆ ವರ್ಷ ಶುರುವಾಗುವುದು ಏಪ್ರಿಲ್ 6ಕ್ಕೆ. ಇಲ್ಲಿ ಯಾವ ಪದ ಆರಿಸಿದರೂ, ಮೊದಲ ಬಾರಿ ಬಳಸುವಾಗ ಆರಂಭ ಮತ್ತು ಕೊನೆಯ ದಿನಾಂಕಗಳನ್ನು ಅದರ ಪಕ್ಕದಲ್ಲೇ ಕೊಡುತ್ತೇನೆ.