ಮೂರು ವರ್ಷ ಬಳಸಿದ ಮೇಲೆ: ಹತ್ತಿಂಚಿನ ಮಿನಿ ವುಡ್ ಲೇತ್

ಮರ ಕಡೆಯುವುದನ್ನು ಕಲಿಯಬೇಕೆಂಬ ಆಸೆಗೆ ಮೂರು ವರ್ಷದ ಹಿಂದೆ ತಗೊಂಡ ಲೇತ್, ಅಂದರೆ ಮರವನ್ನು ತಿರುಗಿಸುತ್ತ ಉಳಿಯಿಂದ ಕಡೆಯುವ ಯಂತ್ರ, ಇದು. ಬನಶಂಕರಿಯ ನಮ್ಮ ಮನೆಯ ಕಾರ್ ಶೆಡ್‌ನಲ್ಲಿ ವಾರಕ್ಕೆ ಮೂರ್ನಾಲ್ಕು ಸಂಜೆ ಓಡುತ್ತದೆ. ಅರ್ಧ ಎಚ್‌ಪಿ ಮೋಟಾರು, ಎರಕದ ಕಬ್ಬಿಣದ ಬೆಡ್ (ಅಡಿಪಟ್ಟಿ). ಹತ್ತಿಂಚು ಅಗಲದ ಮರ ತಿರುಗುವಷ್ಟು ಜಾಗ ಇದೆ ಎನ್ನುವುದು ನಿಜ, ಆದರೆ ನೆಮ್ಮದಿಯಾಗಿ ಕಡೆಯಲು 8 ಇಂಚಿನ ಬಟ್ಟಲೇ ಮಿತಿ.

ಬಂದಾಗ ಟೇಲ್‌ಸ್ಟಾಕ್ (ಮರದ ಇನ್ನೊಂದು ತುದಿಗೆ ಆಸರೆ ಕೊಡುವ ಭಾಗ) ಮೊನೆ ಹೆಡ್‌ಸ್ಟಾಕ್ (ಮರವನ್ನು ತಿರುಗಿಸುವ ಭಾಗ) ಮೊನೆಗೆ ಸರಿಯಾಗಿ ಕೂಡುತ್ತಿರಲಿಲ್ಲ. ಫೋನ್ ಮಾಡಿದರೆ ಮಾರಿದವರು "ಅದು ಹಂಗೇ ಇರತ್ತೆ ಸಾರ್" ಅಂದುಬಿಟ್ಟರು. ಬೋಲ್ಟ್ ಸಡಿಲಿಸಿ, ಅಡಿಗೆ ತೆಳು ತಗಡು ಕೊಟ್ಟು ನಾನೇ ಸರಿಮಾಡಿಕೊಂಡೆ. ಆಮೇಲೆ ಒಂದು ಬೆಲ್ಟ್ ಬದಲಾಯಿಸಿದ್ದು ಬಿಟ್ಟರೆ ಯಂತ್ರ ಕೈಕೊಟ್ಟಿಲ್ಲ.

ಹೊಸಬರಿಗೆ ಮುಖ್ಯವಾಗಿ ಹೇಳಬೇಕಾದ್ದು ಸಾಣೆಯ ವಿಷಯ. ಮೊದಲ ನಾಲ್ಕು ತಿಂಗಳು ಲೇತನ್ನೇ ಬೈದುಕೊಂಡೆ. ಉಳಿ ಮರವನ್ನು ಕೊಯ್ಯದೆ ಕೆರೆಯುತ್ತಿತ್ತು, ಬರೀ ಧೂಳು, ಮರದ ಮೈಯೆಲ್ಲ ಕಿತ್ತ ನಾರು. ಕೊನೆಗೆ ಬೆಂಗಳೂರಿನ ಎಸ್.ಪಿ. ರೋಡ್ ಮಾರುಕಟ್ಟೆಯಿಂದ ನಿಧಾನವಾಗಿ ತಿರುಗುವ 8 ಇಂಚಿನ ಸಾಣೆ ಗ್ರೈಂಡರ್ ತಂದು, ಪ್ರತಿಸಲ ಅದೇ ಕೋನ ಸಿಗುವಂತೆ ಉಳಿ ಹಿಡಿಯುವ ಜಿಗ್ ಕೂರಿಸಿದೆ. ಆವತ್ತು ಹಸಿ ಮಾವಿನ ತುಂಡಿಗೆ ಗೌಜ್ (ತೋಡಿನ ಉಳಿ) ತಾಗಿಸಿದ್ದೇ ತಡ, ಮಾರುದ್ದದ ಸಿಪ್ಪೆ ಸುರುಳಿ ಸುರುಳಿಯಾಗಿ, ತಣ್ಣಗೆ ಒದ್ದೆಯಾಗಿ ಮೊಣಕೈ ಮೇಲೆ ಹರಿದುಬಂತು. ದುಡ್ಡು ಕಡಿಮೆಯಿದ್ದರೆ ಚಿಕ್ಕ ಲೇತ್ ತಗೊಳ್ಳಿ, ಗ್ರೈಂಡರ್ ಮಾತ್ರ ಬಿಡಬೇಡಿ.

ಉಳಿಗಳ ಸೆಟ್‌ನಲ್ಲಿ ಬರುವ, ಉದ್ದ ಮರವನ್ನು ಒರಟಾಗಿ ಉರುಟು ಮಾಡುವ ರಫಿಂಗ್ ಗೌಜನ್ನು ಬಟ್ಟಲಿಗೆ ಹಿಡಿಯಲೇಬೇಡಿ. ಅದರ ಬುಡ ತೆಳು, ಅಡ್ಡನಾರಿಗೆ ಸಿಕ್ಕಿಕೊಂಡರೆ ಮುರಿಯಬಹುದು. ನನ್ನದು ಸಿಕ್ಕಿಕೊಂಡಾಗ ಬಟ್ಟಲು ಅದನ್ನು ಕಚ್ಚಿ ಹಿಡಿಯುವ ಚಕ್‌ನಿಂದ ಕಿತ್ತು ಬಂದು ಫೇಸ್ ಶೀಲ್ಡ್‌ಗೆ ಬಡಿಯಿತು. ಶೀಲ್ಡ್ ಇಲ್ಲದಿದ್ದರೆ ಕಣ್ಣು ಹೋಗುತ್ತಿತ್ತು.

ಮರಕ್ಕೆ ಬೆಂಗಳೂರಲ್ಲಿ ಬರವಿಲ್ಲ. ಮೇ ತಿಂಗಳ ಗಾಳಿಮಳೆಗೆ ಮಳೆಮರ, ಗುಲ್‌ಮೊಹರ್ ಕೊಂಬೆಗಳು ಬೀಳುತ್ತವೆ, ಕತ್ತರಿಸುವವರನ್ನು ಕೇಳಿದರೆ ತುಂಡು ಕೊಡುತ್ತಾರೆ. ನಡುವಿನ ತಿರುಳು ಹೋಗುವ ಹಾಗೆ ಸೀಳಿಕೊಳ್ಳಬೇಕು. 8 ಇಂಚಿನ ಬಟ್ಟಲಿಗೆ ಮುಕ್ಕಾಲು ಇಂಚಿನಷ್ಟು ದಪ್ಪ ಬಿಟ್ಟು ಒರಟಾಗಿ ಕಡೆದು, ನಾರಿನ ತುದಿ ಕಾಣುವ ಕಡೆ ಮೇಣ ಸವರಿ, ಪೇಪರ್ ಸುತ್ತಿ ಅಟ್ಟಕ್ಕಿಡುತ್ತೇನೆ. ತಿಂಗಳಿಗೊಮ್ಮೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿ, ತೂಕ ಇಳಿಯುವುದು ನಿಂತ ಮೇಲೇ ಕೊನೆಯ ಕಡೆತ.

ಇದನ್ನು ಕಲಿಸಿದ್ದು ಅಮ್ಮನಿಗೆ ಮಾಡಿದ ಮೊದಲ ಕುಂಕುಮದ ಭರಣಿ. ಅರೆಒಣಗಿದ ಮರದ್ದು. ಮಳೆಗಾಲ ಬರುತ್ತಲೇ ಮುಚ್ಚಳ ಕಚ್ಚಿಕೊಂಡು ಬಿಚ್ಚಲಾಗಲಿಲ್ಲ. ಆಮೇಲೊಮ್ಮೆ ಚನ್ನಪಟ್ಟಣಕ್ಕೆ ಹೋಗಿದ್ದೆ. ಅಲ್ಲಿ ವಯಸ್ಸಾದ ಕುಶಲಕರ್ಮಿಯೊಬ್ಬರು ತಿರುಗುತ್ತಿದ್ದ ಆಲೆ ಮರಕ್ಕೆ (ಅಲ್ಲಿನ ಗೊಂಬೆಗಳ ಮೆದು ಮರ) ಬಣ್ಣದ ಅರಗಿನ ಕಡ್ಡಿ ಒತ್ತಿದರು. ಉಜ್ಜಿದ ಬಿಸಿಗೇ ಅರಗು ಕರಗಿ ಹರಡಿತು, ಕೇದಗೆ ಗರಿ ಒತ್ತಿದಾಗ ಕನ್ನಡಿಯಂಥ ಹೊಳಪು. "ಉಳಿ ಒತ್ಬೇಡಿ ಸಾರ್, ಸುಮ್ನೆ ಇಡ್ಕಳಿ" ಅಂದರು. ಅಲ್ಲಿಂದ ತಂದ ಒಣಗಿದ ಆಲೆ ಮರದಲ್ಲಿ ಎರಡನೇ ಭರಣಿ ಕಡೆದು ಕೆಂಪು ಅರಗು ಹಾಕಿದೆ. ಎರಡು ಮಳೆಗಾಲ ಕಳೆದಿದೆ, ದಿನಾ ಬೆಳಗ್ಗೆ ಅಮ್ಮ ಒಂದೇ ಕೈಯಲ್ಲಿ ಮುಚ್ಚಳ ತೆಗೆಯುತ್ತಾರೆ.