ಫೋಲ್ಡ್‌ಸ್ಕೋಪ್: ತುಳಸಿ ಕುಂಡದ ತಟ್ಟೆಯಲ್ಲಿ ಕಂಡದ್ದು

ಏಳನೆಯ ತರಗತಿಯಲ್ಲಿ ಓದುತ್ತಿರುವ ಮೊಮ್ಮಗಳಿಗೆಂದು ಫೋಲ್ಡ್‌ಸ್ಕೋಪ್ ಎಂಬ ಕಾಗದದ ಸೂಕ್ಷ್ಮದರ್ಶಕವನ್ನು ತರಿಸಿ ಮೂರು ತಿಂಗಳಾಯಿತು. ಹನುಮಂತನಗರದ ನಮ್ಮ ಮನೆಯಲ್ಲಿ ಅದು ದಿನ ಬಿಟ್ಟು ದಿನ ಬಳಕೆಯಾಗುತ್ತಿದೆ. ಪ್ರೌಢಶಾಲೆಯಲ್ಲಿ ಬಹುಕಾಲ ಜೀವಶಾಸ್ತ್ರ ಕಲಿಸಿದವಳು ನಾನು. ಇದ್ದ ಒಂದೇ ಒಂದು ಸೂಕ್ಷ್ಮದರ್ಶಕ ಕೆಟ್ಟುಹೋದೀತೆಂಬ ಭಯದಿಂದ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ವರ್ಷಕ್ಕೊಮ್ಮೆ ಮಾತ್ರ ಹೊರತೆಗೆದು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಂದೊಂದು ಕ್ಷಣ ತೋರಿಸುತ್ತಿದ್ದ ದಿನಗಳನ್ನು ಕಂಡಿರುವುದರಿಂದ, ಈ ವಸ್ತುವಿನ ಬಗ್ಗೆ ವಿವರವಾಗಿ ಬರೆಯಬೇಕೆನಿಸಿತು.

ಇದನ್ನು ರೂಪಿಸಿದವರು ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಮತ್ತು ಅವರ ವಿದ್ಯಾರ್ಥಿಯಾಗಿದ್ದ ಜಿಮ್ ಸೈಬುಲ್ಸ್ಕಿ. ಮೀರತ್‌ನಲ್ಲಿ ಹುಟ್ಟಿ ಕಾನ್ಪುರದ ಐಐಟಿಯಲ್ಲಿ ಓದಿದ ಪ್ರಕಾಶ್ ಅವರು, ದುಬಾರಿ ಉಪಕರಣಗಳು ಯಾರೂ ಮುಟ್ಟಲು ಧೈರ್ಯ ಮಾಡದೆ ಮೂಲೆ ಹಿಡಿಯುವುದನ್ನು ಗಮನಿಸಿ, ಮುಟ್ಟಲು ಯಾರೂ ಹೆದರದಂಥ ಸೂಕ್ಷ್ಮದರ್ಶಕವನ್ನು ಮಾಡಹೊರಟರು. ಒಂದು ಹಾಳೆಯಿಂದ ಕತ್ತರಿಸಿ ಮಡಚಬಹುದಾದ, ಬಿಡಿಭಾಗಗಳಿಗೆ ಒಂದು ಡಾಲರ್‌ಗಿಂತ ಕಡಿಮೆ ತಗಲುವ ಮೂಲ ವಿನ್ಯಾಸವನ್ನು ಅವರು 2014ರಲ್ಲಿ ಪ್ರಕಟಿಸಿದರು. ಅಂಗಡಿಗೆ ಬರುವ ಮಾದರಿ ವಸ್ತುವನ್ನು ಸುಮಾರು 140 ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಎರಡು ಮೈಕ್ರಾನ್‌ನಷ್ಟು (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಸಣ್ಣ ವಿವರ ಕಾಣುತ್ತದೆ. ಈರುಳ್ಳಿ ಸಿಪ್ಪೆಯ ಕೋಶಗಳು, ದಾಸವಾಳದ ಪರಾಗ, ನೆತ್ತರಿನ ಕೆಂಪು ಕಣ ಇವೆಲ್ಲ ಅದರ ಅಳವಿಗೆ ಸಿಗುತ್ತವೆ. ಬ್ಯಾಕ್ಟೀರಿಯಾಗಳನ್ನು ನೋಡುವ ಆಸೆಯಿಂದ ಯಾರೂ ಇದನ್ನು ಕೊಳ್ಳಬಾರದು.

ಮಡಚಿ ಜೋಡಿಸಲು ನಮಗೆ ಮುಕ್ಕಾಲು ಗಂಟೆ ಹಿಡಿಯಿತು. ನೋಡಬೇಕಾದ ವಸ್ತುವನ್ನಿಟ್ಟ ಸ್ಲೈಡನ್ನು ಒಳಗೆ ತೂರಿಸಿ, ಮಸೂರವನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಬೆಳಕಿನ ಕಡೆ ಮುಖಮಾಡಿ, ಎರಡು ಹೆಬ್ಬೆರಳುಗಳಿಂದ ಕಾಗದವನ್ನು ಕೂದಲೆಳೆಯಷ್ಟು ಸರಿಸುತ್ತಾ ನೋಡಬೇಕು. ಮೊದಲ ಸಂಜೆ ಮೊಮ್ಮಗಳಿಗೆ ಮಸುಕು ಬೆಳಕಿನ ಹೊರತು ಏನೂ ಕಾಣಲಿಲ್ಲ; "ಅಜ್ಜಿ, ಇದು ಕೆಟ್ಟಿದೆ" ಎಂದು ಕೆಳಗಿಟ್ಟಳು. ಮೂರನೆಯ ದಿನ ತುಳಸಿ ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತಿದ್ದ ನೀರಿನಿಂದ, ಆಗತಾನೆ ಮೊಟ್ಟೆಯೊಡೆದ, ಎಳ್ಳಿಗಿಂತ ಸಣ್ಣ ಸೊಳ್ಳೆಮರಿಯೊಂದನ್ನು ಡ್ರಾಪರ್‌ನಲ್ಲಿ ತೆಗೆದು ಸ್ಲೈಡಿನ ಮೇಲಿಟ್ಟೆವು. ಮರಿ ಒಮ್ಮೆಗೇ ಪೂರ್ತಿಯಾಗಿ ಕಾಣಲಿಲ್ಲ. ಮೊದಲು ಮೈಯ ಬಿರುಗೂದಲು, ಅದನ್ನು ದಾಟಿದರೆ ಗಾಜಿನಂತೆ ತಿಳಿಯಾದ ಹೊಟ್ಟೆ, ಅದರೊಳಗೆ ಹಿಂದಕ್ಕೂ ಮುಂದಕ್ಕೂ ಜರುಗುತ್ತಿದ್ದ ಕಂದು ಆಹಾರ, ಕೊನೆಗೆ ಬಾಲದ ಬಳಿ ಉಸಿರಾಟದ ಕೊಳವೆ. ಹುಡುಗಿ ಇಪ್ಪತ್ತು ನಿಮಿಷ ಅದನ್ನು ಕಣ್ಣಿನಿಂದ ತೆಗೆಯಲಿಲ್ಲ.

ಆ ಕೊಳವೆಯನ್ನು ನೋಡಿದಾಗ ನನಗೆ ನೆನಪಾದದ್ದು ಇದೇ ಊರಿನ ಒಂದು ಹಳೆಯ ಪ್ರಸಂಗ. 1883ರಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ಸೇನಾ ವೈದ್ಯ ಬೆಂಗಳೂರಿನ ದಂಡಿನಲ್ಲಿದ್ದರು. ತಮ್ಮ ಬಂಗಲೆಯಲ್ಲಿ ಸೊಳ್ಳೆಕಾಟ ಏಕಿಷ್ಟು ಎಂದು ಹುಡುಕಿ, ಕಿಟಕಿಯ ಹೊರಗಿನ ತೊಟ್ಟಿಯಲ್ಲಿ ಮರಿಗಳನ್ನು ಕಂಡು, ಅದನ್ನು ಬೋರಲು ಹಾಕಿದರು, ಕಾಟ ಇಳಿಯಿತು. ಉಳಿದ ತೊಟ್ಟಿಗಳನ್ನೂ ಖಾಲಿ ಮಾಡಿಸೋಣವೆಂದು ಹೇಳಿದಾಗ, ಸೊಳ್ಳೆಗಳನ್ನು ಸೃಷ್ಟಿಸಿದ್ದಕ್ಕೆ ಏನೋ ಉದ್ದೇಶವಿರುತ್ತದೆ, ಪ್ರಕೃತಿಯ ಕ್ರಮವನ್ನು ಕೆಡಿಸಬಾರದು ಎಂದು ಅಲ್ಲಿನ ಅಧಿಕಾರಿ ಒಪ್ಪಲಿಲ್ಲವೆಂದು ರಾಸ್ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಮಲೇರಿಯಾ ಕೆಟ್ಟ ಗಾಳಿಯಿಂದ ಬರುತ್ತದೆಂದೇ ನಂಬಿದ್ದ ಕಾಲ ಅದು. ರಾಸ್ ಕೂಡ ಆಗ ಜ್ವರಕ್ಕೂ ಸೊಳ್ಳೆಗೂ ಸಂಬಂಧ ಕಂಡಿರಲಿಲ್ಲ. ಮುಂದೆ, ಮಲೇರಿಯಾ ಹರಡುವುದರಲ್ಲಿ ಸೊಳ್ಳೆಯ ಪಾತ್ರವಿರಬಹುದೆಂಬ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ವೈದ್ಯರ ಊಹೆಯನ್ನು ಹಿಡಿದು ಸಿಕಂದರಾಬಾದಿನಲ್ಲಿ ಸೊಳ್ಳೆಗಳನ್ನು ಒಂದೊಂದಾಗಿ ಸೀಳುತ್ತಾ ಕುಳಿತರು. ಸೊಳ್ಳೆಗಳು ಹಾರಿಹೋಗುತ್ತವೆಂದು ಪಂಖಾ ಎಳೆಸುವಂತಿರಲಿಲ್ಲ. ಸೂಕ್ಷ್ಮದರ್ಶಕದ ಸ್ಕ್ರೂಗಳು ಅವರ ಬೆವರಿಗೆ ತುಕ್ಕು ಹಿಡಿದಿದ್ದವು, ಉಳಿದಿದ್ದ ಒಂದೇ ಕಣ್ಣುಮಸೂರ ಬಿರುಕು ಬಿಟ್ಟಿತ್ತು. ಬೇರೆ ಜಾತಿಯ ಸೊಳ್ಳೆಗಳಲ್ಲಿ ಏನೂ ಸಿಗದೆ, ಕೊನೆಗೆ 1897ರ ಆಗಸ್ಟ್ 20ರಂದು ಅನಾಫಿಲಿಸ್ ಎಂಬ ಜಾತಿಯ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ಪರೋಪಜೀವಿ ಕಂಡಿತು. ಮರುವರ್ಷ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾದ ಮೇಲೆ ಪ್ರಯೋಗ ಮಾಡಿ, ರೋಗ ಸೊಳ್ಳೆಯ ಕಡಿತದಿಂದಲೇ ದಾಟುತ್ತದೆಂದು ತೋರಿಸಿದರು. 1902ರಲ್ಲಿ ನೊಬೆಲ್ ಬಂತು. ಇಂದು ಲಾರ್ವಾ ಸಮೀಕ್ಷೆಗೆಂದು ನಮ್ಮ ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆ ಡ್ರಮ್ಮಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡುವುದರ ಹಿಂದೆ ಆ ಹಟ ಇದೆ.

ಫೋಲ್ಡ್‌ಸ್ಕೋಪ್‌ನಲ್ಲಿರುವಂತೆ ಒಂದೇ ಪುಟ್ಟ ಮಸೂರದಿಂದ ನೋಡುವ ವಿಧಾನ ರಾಸ್ ಅವರ ಕಾಲಕ್ಕಿಂತಲೂ ಹಳೆಯದು. ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲ್ಯೂವೆನ್‌ಹಾಕ್ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರಲ್ಲ, ಲ್ಯಾಟಿನ್ ಬಲ್ಲವರಲ್ಲ. ತಾವೇ ಮಾಡಿದ ಮಸೂರದಲ್ಲಿ ನೀರಿನ ಜೀವಿಗಳನ್ನು ಕಂಡು 1676ರಲ್ಲಿ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಗೆ ಬರೆದಾಗ ವಿದ್ವಾಂಸರು ಸಂಶಯಪಟ್ಟರು. ಆ ಸೊಸೈಟಿಯ ವಿಜ್ಞಾನಿ ರಾಬರ್ಟ್ ಹುಕ್ ತಾವೇ ನೋಡಿ ದೃಢಪಡಿಸಿದ್ದು ಮರುವರ್ಷ.

ಹೀಗಾಗಿ ಫೋಲ್ಡ್‌ಸ್ಕೋಪ್‌ನಲ್ಲಿ ಕೈಯ ಅಭ್ಯಾಸಕ್ಕೆ ಸಮಯ ಹಿಡಿಯುವುದನ್ನು ನಾನು ಕೊರತೆಯೆಂದು ಎಣಿಸುವುದಿಲ್ಲ. ಕಾಣದಿದ್ದಾಗ ಮತ್ತೆ ನೋಡುವುದನ್ನು ನನ್ನ ತರಗತಿಗಳಲ್ಲಿ ನಾನು ಕಲಿಸಲಾಗಲಿಲ್ಲ; ಸಾಲಿನಲ್ಲಿ ಒಂದು ಕ್ಷಣ ಸಿಕ್ಕ ಮಗು ಕಾಣದೆಯೂ "ಕಂಡಿತು ಮಿಸ್" ಎಂದು ಹೇಳಿ ಮುಂದೆ ಹೋಗುತ್ತಿತ್ತು. ನನ್ನ ದೂರು ಇರುವುದು ಮಾರಾಟಗಾರರ ಮೇಲೆ ಮಾತ್ರ. ಆನ್‌ಲೈನ್‌ನಲ್ಲಿ ಕೊಂಡ ಪೆಟ್ಟಿಗೆ ಹೇಳಿದ ದಿನಕ್ಕಿಂತ ಹನ್ನೆರಡು ದಿನ ತಡವಾಗಿ ಬಂತು, ಲೈಟಿನ ಬ್ಯಾಟರಿ ಸತ್ತಿತ್ತು, ಎರಡು ಸಲ ಬರೆದರೂ ಉತ್ತರವಿಲ್ಲ. ಬಟನ್ ಸೆಲ್ ಬದಲಿಸಿದ ಮೇಲೆ ಎಲ್ಲವೂ ಸರಿಯಾಯಿತು.

2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದಾಗಲೂ ಎದುರುಮನೆಯವರು ತಮ್ಮ ತಾವರೆ ತೊಟ್ಟಿಯ ವಿಷಯದಲ್ಲಿ ಯಾರ ಮಾತನ್ನೂ ಕೇಳಿರಲಿಲ್ಲ. ಕಳೆದ ತಿಂಗಳು ಮೊಮ್ಮಗಳು ಆ ತೊಟ್ಟಿಯ ನೀರಿನ ಹನಿಯನ್ನು ಫೋಲ್ಡ್‌ಸ್ಕೋಪ್‌ನಲ್ಲಿಟ್ಟು ಅವರಿಗೆ ತೋರಿಸಿದಳು. ತೊಟ್ಟಿಯನ್ನು ಅವರು ತೆಗೆದಿಲ್ಲ, ಆದರೆ ಅದರಲ್ಲಿ ಈಗ ಸೊಳ್ಳೆಮರಿಗಳನ್ನು ತಿನ್ನುವ ಗಪ್ಪಿ ಮೀನುಗಳಿವೆ.

ಕೊಳ್ಳುವವರಿಗೆ ಒಂದು ಸಲಹೆ: ಮೊಬೈಲ್ ಕ್ಯಾಮೆರಾಗೆ ಅಂಟಿಸುವ ಅಯಸ್ಕಾಂತದ ಬಿಲ್ಲೆ ಮತ್ತು ಲೈಟ್ ಇರುವ ಪೆಟ್ಟಿಗೆಯನ್ನೇ ಆರಿಸಿ. ಕಂಡದ್ದನ್ನು ನಾಲ್ಕು ಜನ ಒಟ್ಟಿಗೆ ನೋಡುವುದು ಅದರಿಂದಲೇ ಸಾಧ್ಯ. ಪ್ಲಾಸ್ಟಿಕ್ ಸ್ಲೈಡುಗಳ ಮೇಲೆ ಬೇಗ ಗೀರು ಬೀಳುತ್ತದೆ. ಅವಿನ್ಯೂ ರಸ್ತೆಯ ಕಡೆ ಹೋದಾಗ ಗಾಜಿನವನ್ನು ವಿಚಾರಿಸಿ ತಂದಿಟ್ಟುಕೊಳ್ಳಿ.