ರೆಡಾನ್ ಮೇಲೋ, ಪೋಸ್ಟೇಜ್ ಸ್ಟಾಂಪ್ ಮೇಲೋ?

ಸ್ಕಾಟ್ಲೆಂಡಿನ ಕಡಲಂಚಿನಲ್ಲಿ ಗಾಲ್ಫ್ ಆಡಿ ಬಂದೆ ಎಂದರೆ ಕೆಜಿಎಫ್‌ನ ಹಳೆಯ ಆಟಗಾರರು ಕೇಳುವುದು ಒಂದೇ ಮಾತು: ‘ಯಾವ ಹೋಲ್ ಚೆನ್ನಾಗಿತ್ತು?’ ಹೋಲ್ ಎಂದರೆ ಮೊದಲ ಹೊಡೆತದ ಜಾಗದಿಂದ ಕುಳಿಯವರೆಗಿನ ಒಂದು ಪಟ್ಟಿ, ಅಂಗಳಕ್ಕೆ ಹದಿನೆಂಟು. ಹದಿನೆಂಟರ ವರದಿಯೂ ಅವರಿಗೆ ಬೇಡ. ಹಾಗಾಗಿ ಎರಡನ್ನೇ ಎದುರುಬದುರು ಇಡುತ್ತೇನೆ. ಒಂದು, ಪಶ್ಚಿಮ ಕರಾವಳಿಯ ರಾಯಲ್ ಟ್ರೂನ್‌ನ 8ನೇ ಹೋಲ್ ‘ಪೋಸ್ಟೇಜ್ ಸ್ಟಾಂಪ್’. ಇನ್ನೊಂದು, ಪೂರ್ವ ಕರಾವಳಿಯ ನಾರ್ತ್ ಬೆರಿಕ್‌ನ ವೆಸ್ಟ್ ಲಿಂಕ್ಸ್‌ನಲ್ಲಿರುವ 15ನೇ ಹೋಲ್ ‘ರೆಡಾನ್’. ಎರಡೂ ಪಾರ್-3, ಅಂದರೆ ಮೂರು ಹೊಡೆತಕ್ಕೆ ಮುಗಿಸಬೇಕಾದವು.

ಟ್ರೂನ್‌ನದು ಬರೀ 123 ಗಜ. ಬ್ರಿಟಿಷ್ ಓಪನ್ ಟೂರ್ನಿ ನಡೆಯುವ ಅಂಗಳಗಳಲ್ಲಿ ಇದಕ್ಕಿಂತ ಗಿಡ್ಡ ಹೋಲ್ ಇಲ್ಲ. ಎತ್ತರದ ಟೀ (ಮೊದಲ ಹೊಡೆತದ ಜಾಗ), ನಡುವೆ ತಗ್ಗು, ಆಚೆ ಮರಳುದಿಬ್ಬದ ಪಕ್ಕೆಗೆ ಅಂಟಿಕೊಂಡ ಕಿರಿದಾದ ಗ್ರೀನ್ (ಕುಳಿ ಇರುವ ನುಣುಪು ಹುಲ್ಲು), ಅದರ ಸುತ್ತ ಐದು ಬಂಕರ್, ಅಂದರೆ ಮರಳಿನ ಗುಂಡಿಗಳು. ಬಲಗಡೆಯ ಬಂಕರಿಗೆ ಇಳಿದಾಗ ಎದುರಿನ ಗೋಡೆ ನನ್ನ ತಲೆಗಿಂತ ಎತ್ತರವಿತ್ತು. ಧ್ವಜದ ತುದಿಯೂ ಕಾಣಲಿಲ್ಲ. ಒಳ್ಳೆಯ ದಿನ ಗಿಡ್ಡ ಹೊಡೆತದ ವೆಡ್ಜ್ ಕೋಲು ಸಾಕಾಗುವ ದೂರಕ್ಕೆ, ಎದುರುಗಾಳಿ ನೋಡಿ ಚೀಲ ಹೊರುವ ಕ್ಯಾಡಿ ನನ್ನ ಕೈಗಿತ್ತದ್ದು ಇನ್ನೂ ದೂರ ಹೊಡೆಯುವ 7 ಐರನ್. ಇಲ್ಲಿ 1973ರ ಓಪನ್‌ನಲ್ಲಿ 71ರ ಹರೆಯದ ಅಮೆರಿಕನ್ ಆಟಗಾರ ಜೀನ್ ಸಾರಾಜೆನ್ 5 ಐರನ್‌ನಿಂದ ಒಂದೇ ಹೊಡೆತಕ್ಕೆ ಚೆಂಡನ್ನು ಕುಳಿಗೆ ಹಾಕಿದರು. ಮರುದಿನ ಬಂಕರಿನಿಂದಲೇ ನೇರವಾಗಿ ಕುಳಿ ಸೇರಿಸಿ ಎರಡಕ್ಕೆ ಮುಗಿಸಿದರು. ಎರಡು ದಿನವೂ ಈ ಗ್ರೀನ್ ಮೇಲೆ ಚೆಂಡು ಉರುಳಿಸುವ ಪಟರ್ ಕೋಲು ಮುಟ್ಟಲಿಲ್ಲ! ಅದೇ ಹೋಲ್‌ನಲ್ಲಿ 1950ರಲ್ಲಿ ಜರ್ಮನಿಯ ಹವ್ಯಾಸಿ ಹರ್ಮನ್ ಟಿಸ್ಸೀಸ್ ಬಂಕರಿನಿಂದ ಬಂಕರಿಗೆ ಅಲೆದು ತೆಗೆದುಕೊಂಡ ಹೊಡೆತ 15. ಒಂದೇ ಹೊಡೆತದಲ್ಲಿ ಹಣೆಬರಹ ತೀರ್ಮಾನವಾಗುವ ಜಾಗ ಇದು. ಚೆಂಡು ಗಾಳಿಯಲ್ಲಿರುವಷ್ಟು ಹೊತ್ತು ಮಾತ್ರ ಆಟ. ಇಳಿದ ಮೇಲೆ ನೆಲಕ್ಕೆ ಹೆಚ್ಚು ಕೆಲಸವಿಲ್ಲ.

ರೆಡಾನ್‌ನಲ್ಲಿ ಆಟ ಶುರುವಾಗುವುದೇ ಚೆಂಡು ನೆಲ ಮುಟ್ಟಿದ ಮೇಲೆ. ಉದ್ದ ಸುಮಾರು 190 ಗಜ. ಮುಂದಿನ ದಿಣ್ಣೆ ಅಡ್ಡ ಬಂದು ಗ್ರೀನ್ ಸರಿಯಾಗಿ ಕಾಣುವುದಿಲ್ಲ. ಗ್ರೀನ್ ಬಲ ಮುಂಭಾಗದಿಂದ ಎಡ ಹಿಂಭಾಗಕ್ಕೆ, ಓರೆಯಾಗಿ ಹಿಡಿದ ಮೊರದಂತೆ ಜಾರುತ್ತದೆ. ಎಡ ಮುಂಭಾಗದಲ್ಲಿ ಆಳವಾದ ಬಂಕರ್ ಕಾದು ಕೂತಿದೆ. ಧ್ವಜಕ್ಕೆ ನೇರವಾಗಿ ಗುರಿಯಿಟ್ಟರೆ ಕೆಟ್ಟಿತು. ಬಲಗಡೆಯ ಏರಿನ ಮೇಲೆ, ಸ್ವಲ್ಪ ಮುಂಚೆಯೇ ಚೆಂಡನ್ನು ಇಳಿಸಿ ಮಿಕ್ಕದ್ದನ್ನು ಇಳಿಜಾರಿಗೆ ಒಪ್ಪಿಸಬೇಕು. ನನ್ನ ಚೆಂಡು ಅಲ್ಲಿ ಒಮ್ಮೆ ಪುಟಿದು ದಿಣ್ಣೆಯ ಹಿಂದೆ ಮರೆಯಾಯಿತು. ನಡೆದು ಹೋಗಿ ನೋಡಿದರೆ ಗ್ರೀನ್‌ನ ಅಡ್ಡಗಲಕ್ಕೂ ಉರುಳಿ ಕುಳಿಗೆ ಮೂರು ಮಾರು ದೂರದಲ್ಲಿ ನಿಂತಿತ್ತು. ಅಮೆರಿಕದ ಗಾಲ್ಫ್ ಅಂಗಳ ವಿನ್ಯಾಸಕ ಚಾರ್ಲ್ಸ್ ಬ್ಲೇರ್ ಮೆಕ್‌ಡೊನಾಲ್ಡ್ ಇದನ್ನು ಮೆಚ್ಚಿ, ನ್ಯೂಯಾರ್ಕ್ ರಾಜ್ಯದ ನ್ಯಾಷನಲ್ ಗಾಲ್ಫ್ ಲಿಂಕ್ಸ್‌ನ 4ನೇ ಹೋಲನ್ನು ಇದೇ ಮಾದರಿಯಲ್ಲಿ ಕಟ್ಟಿದರು. ಆಮೇಲೆ ಎಷ್ಟೋ ದೇಶಗಳಲ್ಲಿ ಇದರ ನಕಲುಗಳು ಹುಟ್ಟಿಕೊಂಡವು. ಪೋಸ್ಟೇಜ್ ಸ್ಟಾಂಪ್‌ಗೆ ಅಷ್ಟು ಸಂತಾನ ಇಲ್ಲ.

ನನ್ನ ಮತ ರೆಡಾನ್‌ಗೆ. ಇದರಲ್ಲಿ ಊರಿನ ಪಕ್ಷಪಾತ ಇದೆ, ಅದನ್ನು ಬಚ್ಚಿಡುವುದಿಲ್ಲ. ನಾನು ಕಲಿತದ್ದು ಹುಲ್ಲಿನ ಗ್ರೀನ್ ಮೇಲಲ್ಲ, ಎಣ್ಣೆ ಬೆರೆಸಿದ ಮರಳನ್ನು ಸಮ ಮಾಡಿ ಆಡುವ ಬ್ರೌನ್ ಮೇಲೆ. ಕೋಲಾರದ ಬೇಸಿಗೆಯಲ್ಲಿ ಬಿರಿದ ನೆಲದ ಮೇಲೆ ಚೆಂಡನ್ನು ಎತ್ತರಕ್ಕೆ ಹೊಡೆದು ಠಕ್ಕನೆ ನಿಲ್ಲಿಸುವ ಮಾತೇ ಇಲ್ಲ. ಮೊದಲೇ ಇಳಿಸು, ಓಡಲು ಬಿಡು, ಇದೇ ನಮ್ಮ ಕ್ಯಾಡಿಗಳು ಹೇಳಿಕೊಟ್ಟ ಪಾಠ. ಹುಲ್ಲು ದಟ್ಟವಾಗಿರುವ ಬೆಂಗಳೂರಿನ ಅಂಗಳಗಳಲ್ಲಿ ಆಡಿ ಬೆಳೆದವರು ಟ್ರೂನ್ ಅನ್ನೇ ಆರಿಸಬಹುದು. ಎತ್ತರದ, ನೇರವಾದ ಹೊಡೆತ ಇರುವವರಿಗೆ ಅಲ್ಲಿ ನ್ಯಾಯ ಸಿಗುತ್ತದೆ. ನೋಟದಲ್ಲೂ ಟ್ರೂನ್ ಮೇಲು: ಟೀ ಮೇಲೆ ನಿಂತರೆ ಇಡೀ ಹೋಲ್ ಕಣ್ಣೆದುರು ತೆರೆದುಕೊಳ್ಳುತ್ತದೆ. ರೆಡಾನ್‌ನ ಟೀ ಮೇಲೆ ನಿಂತು ಫೋಟೊ ತೆಗೆದರೆ ಬರುವುದು ಒಂದು ಹುಲ್ಲಿನ ದಿಣ್ಣೆ, ಅಷ್ಟೇ. ಮನೆಯವರಿಗೆ ತೋರಿಸಿ, ಇದಕ್ಕಾ ಅಷ್ಟು ದೂರ ಹೋದದ್ದು ಎನಿಸಿಕೊಂಡೆ.

ಖರ್ಚಿನ ಮಾತು: ಎರಡೂ ದುಬಾರಿ, ಟ್ರೂನ್ ಇನ್ನೂ ದುಬಾರಿ. ಎರಡಕ್ಕೂ ರೈಲಿದೆ, ಟ್ರೂನ್‌ಗೆ ಗ್ಲಾಸ್ಗೋದಿಂದ ಮುಕ್ಕಾಲು ಗಂಟೆಯ ಆಸುಪಾಸು, ನಾರ್ತ್ ಬೆರಿಕ್‌ಗೆ ಎಡಿನ್‌ಬರೋದಿಂದ ಅರ್ಧ ಗಂಟೆಯ ಆಸುಪಾಸು. ನಾರ್ತ್ ಬೆರಿಕ್‌ಗೆ ಹೋಗುವವರು ಚೀಲದಲ್ಲಿ ಹಳೆಯ ಚೆಂಡುಗಳನ್ನೂ ಇಟ್ಟುಕೊಳ್ಳಿ. ರೆಡಾನ್ ತಲುಪುವ ಮೊದಲೇ 13ನೇ ಹೋಲ್‌ನಲ್ಲಿ ಗ್ರೀನ್‌ಗೆ ಅಡ್ಡಲಾಗಿ ಕಲ್ಲಿನ ಗೋಡೆ ಇದೆ, ಅದಕ್ಕೆ ಬಡಿದ ಚೆಂಡು ಎತ್ತ ಚಿಮ್ಮುತ್ತದೆ ಎಂದು ಯಾರೂ ಹೇಳಲಾರರು.